ಕಾವಾಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ದುಬಾರೆಗೆ ಬರುವವರೆಲ್ಲ ಆನೆ ನೋಡಲು ಬರುತ್ತಾರೆ. ಕುಶಾಲನಗರದಿಂದ ಗುಡ್ಡೆಹೊಸೂರಿಗೆ ಬಂದು, ಅಲ್ಲಿಂದ ನಂಜರಾಯಪಟ್ಟಣದ ದಾರಿ ಹಿಡಿದರೆ ರಸ್ತೆ ಕಾಫಿ ತೋಟಗಳ ನಡುವೆ ಸಾಗಿ ಕಾವೇರಿಯ ದಡಕ್ಕೆ ತಂದು ಬಿಡುತ್ತದೆ. ಆಚೆ ದಡದಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುವವರೂ ಉಂಟು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ದೋಣಿಯೂ ನಿಲ್ಲುತ್ತದೆ. ಮೈಸೂರು ದಸರಾ ಮೆರವಣಿಗೆಯಲ್ಲಿ ನೀವು ಕಾಣುವ ಆನೆಗಳಲ್ಲಿ ಕೆಲವು ಇಲ್ಲಿಂದಲೇ ಹೋಗುವಂಥವು. ಬಂದವರು ಆನೆಗೆ ಸ್ನಾನ ಮಾಡಿಸುವುದನ್ನು ನೋಡುತ್ತಾರೆ, ಅಷ್ಟು ದೊಡ್ಡ ರಾಗಿಮುದ್ದೆಯನ್ನು ಅದು ಒಂದೇ ತುತ್ತಿಗೆ ನುಂಗುವುದನ್ನು ನೋಡಿ ಬೆರಗಾಗುತ್ತಾರೆ, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆನೆಯ ಪಕ್ಕದಲ್ಲಿ ನಿಂತ ಇಬ್ಬರನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ.

ಇಬ್ಬರಲ್ಲಿ ಒಬ್ಬ ಮಾವುತ, ಇನ್ನೊಬ್ಬ ಕಾವಾಡಿ. ಮಾವುತ ಎಂಬ ಶಬ್ದ ಹಿಂದಿಯ ಮೂಲಕ ಇಂಗ್ಲಿಷ್ ನಿಘಂಟಿಗೇ ಸೇರಿಹೋಗಿದೆ. ಕಾವಾಡಿ ಸೇರಿಲ್ಲ. ರಾತ್ರಿ ಮೇಯಲು ಕಾಡಿಗೆ ಬಿಟ್ಟ ಆನೆಯನ್ನು ಬೆಳಿಗ್ಗೆ ಹುಡುಕಿ ಕರೆತರುವವನು, ಸೊಪ್ಪು ಕಡಿದು ತರುವವನು, ಹೊಳೆಯಲ್ಲಿ ಮಲಗಿಸಿ ಮೈ ಉಜ್ಜುವವನು, ಗಾಯವಾದರೆ ಮೊದಲು ಕಾಣುವವನು ಅವನೇ. ದುಬಾರೆಯಲ್ಲಿ ಈ ಕೆಲಸ ಮಾಡುವವರಲ್ಲಿ ಅನೇಕರು ಜೇನುಕುರುಬರು, ಪಕ್ಕದ ಹಾಡಿಯವರು.

ಕೆಲವು ವರ್ಷಗಳ ಹಿಂದೆ ಈ ಒಂದು ಶಬ್ದ ನಮ್ಮ ಮನೆಯ ಜಗಲಿಯ ಮೇಲೆ ಇಡೀ ಒಂದು ಮಧ್ಯಾಹ್ನವನ್ನು ತಿಂದುಹಾಕಿತು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ನಿವೃತ್ತಿಯ ಮೇಲೆ ಹಪ್ಪಳ ಸಂಡಿಗೆಗೆ ಕೂಡಬೇಕಿದ್ದ ಕೈ ಮತ್ತೆ ಕೆಂಪು ಶಾಯಿಯ ಪೆನ್ನಿಗೇ ಹೋಯಿತು. ಸುತ್ತಮುತ್ತಲಿನ ಊರುಗಳಿಂದ ಎಂ.ಎ. ಓದುವ ಮಕ್ಕಳು, ಒಬ್ಬಿಬ್ಬರು ಪಿಎಚ್.ಡಿ.ಯವರು, ತಾವು ಇಂಗ್ಲಿಷಿನಲ್ಲಿ ಬರೆದದ್ದನ್ನು ತಿದ್ದಿಸಿಕೊಳ್ಳಲು ಬರತೊಡಗಿದರು. ಹೆಚ್ಚಿನವರು ಹುಡುಗಿಯರೇ. ಹತ್ತನೆಯ ತರಗತಿಯವರೆಗೆ, ಕೆಲವರು ಬಿ.ಎ. ಮುಗಿಯುವವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಕಿರುಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆ ಎಂದ ಕೂಡಲೇ ಗಂಟಲು ಕಟ್ಟಿದಂತಾಗುವವರು.

ಆ ಹುಡುಗಿ ಹಾಡಿಯವಳು. ಅಪ್ಪ ಕಾವಾಡಿ, ಅಜ್ಜನೂ ಕಾವಾಡಿ. ಆಶ್ರಮ ಶಾಲೆ, ಹಾಸ್ಟೆಲು, ವಿದ್ಯಾರ್ಥಿವೇತನ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಎಂ.ಎ.ಗೆ ಬಂದಿದ್ದಳು. ತನ್ನ ಜನ ಆನೆಯೊಂದಿಗೆ ಬದುಕುವ ಬಗೆಯನ್ನೇ ವಿಷಯವಾಗಿ ಆರಿಸಿಕೊಂಡಿದ್ದಳು. ಅವಳ ಹಾಳೆಯಲ್ಲಿ ಕಾವಾಡಿ ಇದ್ದಲ್ಲೆಲ್ಲ 'ಅಸಿಸ್ಟೆಂಟ್ ಮಾವುತ' ಎಂದಿತ್ತು. ಅದನ್ನು ಅವಳು ಯಾವುದೋ ವರದಿಯಿಂದ ತೆಗೆದುಕೊಂಡಿದ್ದಳು, ತಪ್ಪೇನೂ ಅಲ್ಲ. ಆದರೆ ಅವಳೇ ತಡೆದು ತಡೆದು ಹೇಳಿದಳು:

"ಮೇಡಂ, ಅಸಿಸ್ಟೆಂಟ್ ಅಂದ್ರೆ ಆಫೀಸಿನಲ್ಲಿ ಫೈಲು ಹೊರುವವರ ಹಾಗೆ ಕೇಳ್ತದೆ. ನಮ್ಮಪ್ಪ ಆ ಆನೆಯನ್ನು ಮರಿಯಿಂದ ಸಾಕಿದ್ದು."

"ಹಾಗಾದ್ರೆ ಏನು ಬರೀತೀಯ ಮಗಳೇ?"

"ಅದಕ್ಕೇ ನಿಮ್ಮನ್ನು ಕೇಳಲಿಕ್ಕೆ ಬಂದದ್ದು."

ನನಗೂ ಉತ್ತರ ನಾಲಿಗೆಯ ತುದಿಯಲ್ಲಿ ಇರಲಿಲ್ಲ. ಆದರೆ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರು ಇವಳಿಗಿಂತ ಮೊದಲೂ ಇದೇ ಗಂಟಿನ ಮುಂದೆ ಕುಳಿತಿದ್ದಾರೆ ಎಂಬುದು ನೆನಪಿಗೆ ಬಂತು. ಆ ಕಥೆಯನ್ನು ಅವಳಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ.

ಕೊಡಗಿಗೆ ಇಂಗ್ಲಿಷು ಅಧಿಕಾರವಾಗಿ ಬಂದದ್ದು 1834ರಲ್ಲಿ. ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪೆನಿಯವರು ರಾಜ್ಯವನ್ನು ತೆಗೆದುಕೊಂಡರು. ಆ ಕಾಲದ ಕರ್ನಲ್ ಫ್ರೇಸರನ ಹೆಸರು ಈಗಿನ ಕುಶಾಲನಗರಕ್ಕೆ ಅಂಟಿಕೊಂಡು, ನಮ್ಮ ಹಿರಿಯರ ಬಾಯಲ್ಲಿ ಬಹಳ ಕಾಲ ಅದು ಫ್ರೇಸರ್‌ಪೇಟೆಯಾಗಿಯೇ ಇತ್ತು. ಪದಚ್ಯುತ ರಾಜ 1852ರಲ್ಲಿ ತನ್ನ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದೊಯ್ದ. ಹನ್ನೊಂದರ ಹುಡುಗಿ. ಆಕೆಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರು ಕೊಟ್ಟಳು. 1864ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಇಂಗ್ಲಿಷು ಕಲಿತ ಕೊಡಗಿನ ಮೊದಲ ಹೆಣ್ಣುಮಕ್ಕಳನ್ನು ನೆನೆದಾಗ ನನಗೆ ಮೊದಲು ಈ ಮಗುವಿನ ಮುಖವೇ ಬರುತ್ತದೆ. ಅದೊಂದು ಬೇರೆಯೇ ಕಥೆ, ಬಿಡಿ.

ಕೊಡಗನ್ನು ಇಂಗ್ಲಿಷ್ ಪುಸ್ತಕದೊಳಗೆ ತಂದವರು ಮಾತ್ರ ಇಂಗ್ಲಿಷರಲ್ಲ, ಜರ್ಮನರು. 1843ರಲ್ಲಿ 'ಮಂಗಳೂರ ಸಮಾಚಾರ' ತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1855ರಲ್ಲಿ 'ಕೂರ್ಗ್ ಮೆಮೊಯಿರ್ಸ್' ಬರೆದ. ಮಡಿಕೇರಿಯಲ್ಲಿ ಶಾಲೆ ನಡೆಸುತ್ತಿದ್ದ ಜಿ. ರಿಕ್ಟರ್ 1870ರಲ್ಲಿ 'ಮ್ಯಾನ್ಯುಯಲ್ ಆಫ್ ಕೂರ್ಗ್' ಹೊರತಂದ. 1887ರಲ್ಲಿ ಇಲ್ಲಿನ ಜಾತಿ, ಬುಡಕಟ್ಟುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಇಬ್ಬರಿಗೂ ಇಂಗ್ಲಿಷು ತಾಯ್ನುಡಿಯಲ್ಲ, ಕಲಿತ ಭಾಷೆ. ಇದನ್ನು ಹೇಳಿದಾಗ ಹುಡುಗಿಯ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಅವರಿಗೂ 'ದಿ' ಎಲ್ಲಿ ಹಾಕಬೇಕು ಅಂತ ಗೊತ್ತಾಗ್ತಿರಲಿಲ್ವಾ ಮೇಡಂ?" ಎಂದಳು. ಜರ್ಮನ್ ಭಾಷೆಯಲ್ಲಿ 'ದಿ'ಗಳ ಸಂತೆಯೇ ಇದೆ, ಅವರಿಗೆ ಅದು ಕಷ್ಟವಾಗಿರಲಾರದು ಎಂದೆ. ಕಷ್ಟ ನಮ್ಮದು. ಕನ್ನಡದಲ್ಲಿ ಆನೆ ಎಂದರೆ ಆನೆ. ಯಾವ ಆನೆ ಎಂಬುದು ಮಾತಿನ ಸಂದರ್ಭದಲ್ಲೇ ತಿಳಿಯುತ್ತದೆ. ಇಂಗ್ಲಿಷು ಪ್ರತಿ ಸಲವೂ ನಿಲ್ಲಿಸಿ ಕೇಳುತ್ತದೆ: ನಿನಗೂ ಓದುಗನಿಗೂ ಈಗಾಗಲೇ ಗೊತ್ತಿರುವ ಆನೆಯೋ, ಯಾವುದೋ ಒಂದು ಆನೆಯೋ, ಆನೆಗಳೆಂಬ ಜಾತಿಯೋ?

ಕೊಡವರು ತಮ್ಮ ಬಗ್ಗೆ ತಾವೇ ಬರೆದ ದೊಡ್ಡ ಪುಸ್ತಕ ಬಂದದ್ದು 1924ರಲ್ಲಿ. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ'. ಪೊಲೀಸ್ ಇಲಾಖೆಯಲ್ಲಿದ್ದ ಆ ಮನುಷ್ಯ ಊರೂರು ತಿರುಗಿ ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಸಿದರು. ಅದು ಪೂರ್ತಿಯಾಗಿ ಇಂಗ್ಲಿಷಿಗೆ ಬಂದದ್ದು 2003ರಲ್ಲಿ, ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳ ಕೈಯಲ್ಲಿ. ಎಂಬತ್ತು ವರ್ಷಗಳಿಗೆ ಒಂದು ಕಡಿಮೆ. ಮನೆಯೊಳಗಿನ ಮಾತು ಹೊಸ್ತಿಲು ದಾಟಲು ಎಷ್ಟು ಕಾಲ ಹಿಡಿಯುತ್ತದೆ ನೋಡಿ.

ಆದರೆ ನಾನು ಆ ಹುಡುಗಿಗೆ ಮುಖ್ಯವಾಗಿ ಹೇಳಬೇಕೆಂದಿದ್ದುದು ಎಂ.ಎನ್. ಶ್ರೀನಿವಾಸರ ಕಥೆ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಹುಡುಗ, ಮನೆಮಾತು ತಮಿಳು, ಬೀದಿಯ ಮಾತು ಕನ್ನಡ. ಮಹಾರಾಜ ಕಾಲೇಜಿನಲ್ಲಿ ಓದು. ಅವರಿಗಿಂತ ಕೆಲವೇ ವರ್ಷ ಮುಂಚೆ ಅದೇ ಮೈಸೂರಿನಲ್ಲಿ ಇಂಗ್ಲಿಷ್ ಕವಿತೆ ಬರೆಯುತ್ತಿದ್ದ ಕುವೆಂಪು ಅವರಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್, ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ಬುದ್ಧಿ ಹೇಳಿದ್ದು ನಮಗೆಲ್ಲ ಗೊತ್ತು. ಕವಿಗೆ ಆ ದಾರಿ ಇತ್ತು. ಸಮಾಜಶಾಸ್ತ್ರ ಓದುವವನಿಗೆ ಇರಲಿಲ್ಲ; ಪ್ರಬಂಧ ಎಂದರೆ ಇಂಗ್ಲಿಷೇ.

ಶ್ರೀನಿವಾಸರು ಮುಂಬೈಗೆ ಹೋಗಿ ಜಿ.ಎಸ್. ಘುರ್ಯೆಯವರ ಬಳಿ ಓದಿದರು. 1942ರಲ್ಲಿ ಮೈಸೂರಿನ ಮದುವೆ, ಕುಟುಂಬಗಳ ಬಗ್ಗೆ ಮೊದಲ ಪುಸ್ತಕ ಬಂತು. ಆಮೇಲೆ ಕೊಡಗಿನ ಕೆಲಸ. ಇಲ್ಲಿ ತಿರುಗಿ ಸಂಗ್ರಹಿಸಿದ್ದನ್ನೆಲ್ಲ ಸೇರಿಸಿ ಎರಡು ಸಂಪುಟಗಳ ದಪ್ಪ ಪ್ರಬಂಧ ಬರೆದು ಪಿಎಚ್.ಡಿ. ಪಡೆದರು. ಅಲ್ಲಿಗೆ ಮುಗಿಯಬೇಕಿತ್ತಲ್ಲ? 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಎಂಬ ಗುರು ಸಿಕ್ಕಿದರು. ಹೊಸ ವಿಷಯ ಬೇಡ, ಆ ಕೊಡಗಿನ ಸಾಮಗ್ರಿಯನ್ನೇ ಮತ್ತೆ ಬರೆ ಎಂದರು. ಇದ್ದ ಹಾಡು, ಹಬ್ಬ, ಮದುವೆ, ಸಾವಿನ ವಿಧಿಗಳೇ. ಆದರೆ ಈಗ ಕೇಳಬೇಕಾದ ಪ್ರಶ್ನೆ ಬೇರೆ: ಇವೆಲ್ಲ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ, ಈ ವಿಧಿ ಇಲ್ಲಿನ ಜನರನ್ನು ಹೇಗೆ ಒಟ್ಟಿಗೆ ಹಿಡಿದಿದೆ? ಆ ಗುರು ನಿವೃತ್ತರಾದ ಮೇಲೆ ಇವಾನ್ಸ್-ಪ್ರಿಚರ್ಡ್ ನೋಡಿಕೊಂಡರು. 1947ರಲ್ಲಿ ಡಿ.ಫಿಲ್. ಆಯಿತು. ಆ ಪ್ರಬಂಧವೇ 1952ರಲ್ಲಿ ದಕ್ಷಿಣ ಭಾರತದ ಕೂರ್ಗರ ಧರ್ಮ ಮತ್ತು ಸಮಾಜದ ಬಗೆಗಿನ ಪ್ರಸಿದ್ಧ ಪುಸ್ತಕವಾಗಿ, ರ‍್ಯಾಡ್‌ಕ್ಲಿಫ್-ಬ್ರೌನರ ಮುನ್ನುಡಿಯೊಂದಿಗೆ ಬಂತು. ಈಗ ಪತ್ರಿಕೆಗಳಲ್ಲೂ ಬಳಸುವ 'ಸಂಸ್ಕೃತೀಕರಣ' ಎಂಬ ಮಾತು ಲೋಕಕ್ಕೆ ಪರಿಚಯವಾದದ್ದು ಈ ಪುಸ್ತಕದಿಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಗ್ಲಿಷು ತಿದ್ದಿಸುವುದೆಂದರೆ ಕಾಗುಣಿತ ತಿದ್ದಿಸುವುದು ಎಂದು ನನ್ನ ಬಳಿ ಬರುವ ಮಕ್ಕಳೆಲ್ಲ ತಿಳಿದಿರುತ್ತಾರೆ, ಅವರ ಅಪ್ಪ ಅಮ್ಮಂದಿರೂ ಕೂಡ. "ಮೇಡಂ, ಸ್ವಲ್ಪ ಗ್ರಾಮರ್ ನೋಡಿಕೊಡಿ" ಎನ್ನುತ್ತಾರೆ. ಗ್ರಾಮರ್ ನೋಡುವುದು ಅರ್ಧ ದಿನದ ಕೆಲಸ. ಆಕ್ಸ್‌ಫರ್ಡಿನ ಗುರು ಶ್ರೀನಿವಾಸರಿಂದ ತಿದ್ದಿಸಿದ್ದು ಅದನ್ನಲ್ಲ. ನೀನು ಏನು ಹೇಳಬೇಕೆಂದಿದ್ದೀಯ, ಅದಕ್ಕೆ ನಿನ್ನ ಕೈಯಲ್ಲಿರುವ ಆಧಾರ ಏನು ಎಂದು ಕೇಳಿ ಕೇಳಿ ಬರೆಸಿದ್ದು. ಇದಕ್ಕೊಂದು ಬೆಲೆಯೂ ಇತ್ತೆನ್ನಿ. ಆ ಚೌಕಟ್ಟಿನಲ್ಲಿ ಎಲ್ಲವೂ ತೀರ ಅಚ್ಚುಕಟ್ಟಾಗಿ ಕೂತುಬಿಡುತ್ತದೆ ಎಂಬ ಅತೃಪ್ತಿ ಮುಂದೆ ಶ್ರೀನಿವಾಸರಿಗೇ ಬಂತು. ಜಗಳ, ಬಡತನ, ಬದಲಾವಣೆ ಅಂಥ ಚಿತ್ರದಲ್ಲಿ ಮೂಲೆಗೆ ಸರಿಯುತ್ತವೆ. ಹಾಡಿಯ ಜನ ಎಲ್ಲಿ ಎಂದು ಆ ಪುಸ್ತಕವನ್ನು ಕೇಳುವ ಹಕ್ಕು ನನ್ನ ಹುಡುಗಿಗೆ ಇದ್ದೇ ಇದೆ. ಅದು ಕೊಡವರನ್ನು ಕೇಂದ್ರದಲ್ಲಿಟ್ಟುಕೊಂಡ ಪುಸ್ತಕ.

ಆದರೂ ಅದರಲ್ಲಿ ನಮಗೆ ಬೇಕಾದ ಕೀಲಿಕೈ ಸಿಕ್ಕಿತು. ಕೊಡವರ 'ಒಕ್ಕ'ವನ್ನು ಶ್ರೀನಿವಾಸರು ಅವಿಭಕ್ತ ಕುಟುಂಬ ಎಂಬ ಇಂಗ್ಲಿಷ್ ಮಾತಿನಲ್ಲಿ ಮುಳುಗಿಸಿ ಬಿಡಲಿಲ್ಲ. ಒಕ್ಕ ಎಂದರೆ ಏನೆಂದು ವಿವರಿಸಿ, ಆಮೇಲೆ ಪುಸ್ತಕದುದ್ದಕ್ಕೂ ಒಕ್ಕ ಎಂದೇ ಬರೆದರು. ಆಕ್ಸ್‌ಫರ್ಡಿನವರು ಕಲಿತುಕೊಂಡರು. ನಾನು ಪುಟ ತೆರೆದು ತೋರಿಸಿದೆ. ಹುಡುಗಿ ಬೆರಳಿಟ್ಟು ಆ ಶಬ್ದವನ್ನು ನೋಡಿ, "ಹಾಗಾದ್ರೆ ನಾನೂ ಕಾವಾಡಿ ಅಂತಲೇ ಬರೀಬಹುದಾ?" ಎಂದಳು. ಬರೆಯಬಹುದು, ಆದರೆ ಮೊದಲ ಸಲ ಬಂದಾಗ ಐದಾರು ವಾಕ್ಯದಲ್ಲಿ ಕಾವಾಡಿ ಯಾರು, ಏನು ಮಾಡುತ್ತಾನೆ ಎಂದು ನೋಡದವರಿಗೂ ಕಾಣುವಂತೆ ಬರೆಯಬೇಕು ಎಂದೆ. ಆ ಐದಾರು ವಾಕ್ಯಕ್ಕೆ ಎರಡು ವಾರ ಹಿಡಿಯಿತು.

ಯಾಕೆ ಅಷ್ಟು ದಿನ? ಕನ್ನಡದಲ್ಲಿ ಅವಳು ಹೀಗೆ ಹೇಳುತ್ತಿದ್ದಳು: ಬೆಳಿಗ್ಗೆ ಎದ್ದು, ಕಾಡಿಗೆ ಹೋಗಿ, ಹೆಜ್ಜೆ ನೋಡಿ, ಆನೆಯನ್ನು ಹುಡುಕಿ, ಕರೆದು, ಹೊಳೆಗೆ ಇಳಿಸಿ, ತೊಳೆದು, ಮುದ್ದೆ ಕೊಟ್ಟು ಬರುತ್ತಾರೆ. ಒಂದೇ ಉಸಿರು, ಕೊನೆಯಲ್ಲಿ ಒಂದು ಕ್ರಿಯಾಪದ. ಎಷ್ಟು ಚೆಂದ! ಇಂಗ್ಲಿಷಿಗೆ ಹಾಗೇ ಹಾಕಿದರೆ ವಾಕ್ಯ ಕಾಲುಜಾರಿ ಬೀಳುತ್ತದೆ. ನಾಲ್ಕಾಗಿ ಕತ್ತರಿಸಬೇಕು, ಪ್ರತಿ ತುಂಡಿಗೂ ಯಾರು ಮಾಡಿದರು ಎಂದು ಹೇಳಬೇಕು. ಇನ್ನೊಂದು ನಮ್ಮ 'ಅಂತೆ'. ಹಿಂದೆ ಇಲ್ಲಿ ಹುಲಿ ಇತ್ತಂತೆ, ಅಜ್ಜ ಓಡಿಸಿದನಂತೆ. ಎರಡಕ್ಷರದಲ್ಲಿ, ನಾನು ಕಂಡದ್ದಲ್ಲ, ಕೇಳಿದ್ದು ಎಂದು ಪ್ರಾಮಾಣಿಕವಾಗಿ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಆ ಎರಡಕ್ಷರವಿಲ್ಲ. ಅವಳು ಒಂದೇ ಪುಟದಲ್ಲಿ ಏಳು ಕಡೆ 'ಇಟ್ ಈಸ್ ಸೆಡ್' ಎಂದು ಬರೆದಿದ್ದಳು. ಹೇಳಿದ್ದು ಯಾರು ಎಂದು ಇಂಗ್ಲಿಷು ಮತ್ತೆ ನಿಲ್ಲಿಸಿ ಕೇಳುತ್ತದೆ.

ಹೇಳಿದ್ದು ಅಜ್ಜಿ. ತೊಡಕು ಶುರುವಾದದ್ದು ಅಲ್ಲಿ. ಅವಳ ಮಾರ್ಗದರ್ಶಕರು, ಅಜ್ಜಿ ಹೇಳಿದ್ದಕ್ಕೆ ಆಧಾರ ಗ್ರಂಥ ಎಲ್ಲಿ ಎಂದು ಕೇಳಿದ್ದರಂತೆ. ಹಾಗಾಗಿ ಅವಳು ಗ್ರಂಥಾಲಯಕ್ಕೆ ಹೋಗಿ, ತನ್ನ ಜನರ ಬಗ್ಗೆ ಹಳೆಯ ಕಾಲದವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಹುಡುಕಿ, ಅದರ ವಾಕ್ಯಗಳನ್ನೇ ಎತ್ತಿ ಹಾಕಿದ್ದಳು. ಅಜ್ಜಿಯ ಮಾತಿನ ಜಾಗದಲ್ಲಿ, ಜೇನುಕುರುಬರು 'ಪ್ರಿಮಿಟಿವ್' ಜನ, ಕಾಡಿನಲ್ಲಿ ಅಲೆಯುವವರು ಎಂಬ ಮಾತು ಬಂದು ಕೂತಿತ್ತು. ಹುಡುಗಿ ತನ್ನ ಅಜ್ಜಿಯನ್ನೇ ತನ್ನ ಕೈಯಿಂದ ಹಾಗೆ ಕರೆದಿದ್ದಳು, ಪರೀಕ್ಷೆಯ ಭಯಕ್ಕೆ. ಆ ಪುಟ ಓದಿ ನಾನು ಕನ್ನಡಕ ತೆಗೆದಿಟ್ಟೆ.

ಸರ್ಕಾರದ ಪಟ್ಟಿಯಲ್ಲೂ ಆ ಶಬ್ದ ಬಹಳ ಕಾಲ ಇತ್ತು ಎಂಬುದು ನಿಜ. 'ಪ್ರಿಮಿಟಿವ್' ಬುಡಕಟ್ಟು ಗುಂಪುಗಳು ಎಂದು ದೇಶದಲ್ಲಿ ಗುರುತಿಸಿದ 75ರಲ್ಲಿ ಕರ್ನಾಟಕದವು ಎರಡು: ಜೇನುಕುರುಬರು ಮತ್ತು ಕೊರಗರು. 2006ರಲ್ಲಿ ಆ ಹೆಸರು ಬದಲಾಗಿ 'ವಿಶೇಷವಾಗಿ ದುರ್ಬಲ' ಗುಂಪುಗಳು ಎಂದಾಯಿತು. ಅದೂ ಅಜ್ಜಿಗೆ ಒಪ್ಪುವ ಹೆಸರೇನಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಸೌದೆ ಹೊರೆ ಹೊತ್ತು ತರುವ ಹೆಂಗಸು ಆಕೆ.

ಇದರ ಜೊತೆಗೆ ಇನ್ನೊಂದು ಅಪಾಯವೂ ಇತ್ತು. ಯು.ಜಿ.ಸಿ. 2018ರಲ್ಲಿ ಮಾಡಿದ ನಿಯಮದಂತೆ, ಬೇರೆಯವರ ಬರಹದೊಂದಿಗೆ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ದಂಡನೆ ಇಲ್ಲ. 10 ದಾಟಿ 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಹೋಲಿಕೆ ಹುಡುಕುವುದು ಯಂತ್ರ. ಈ ಮಕ್ಕಳು ಕದಿಯಬೇಕೆಂದು ನಕಲು ಮಾಡುವುದಿಲ್ಲ. ಅಚ್ಚಾದ ಇಂಗ್ಲಿಷು ತಮ್ಮ ಇಂಗ್ಲಿಷಿಗಿಂತ ಒಳ್ಳೆಯದು ಎಂಬ ಗೌರವದಿಂದ ಮಾಡುತ್ತಾರೆ. ಯಂತ್ರಕ್ಕೆ ಗೌರವ ತಿಳಿಯದು. ಈ ಗಂಡಾಂತರದಿಂದ ಪಾರುಮಾಡುತ್ತೇವೆಂದು ಹಣ ತೆಗೆದುಕೊಂಡು ಇಡೀ ಪ್ರಬಂಧ ಬರೆದುಕೊಡುವವರು ಪೇಟೆಗಳಲ್ಲಿದ್ದಾರೆ, ಈಗ ಕಂಪ್ಯೂಟರೂ ಬರೆದುಕೊಡುತ್ತದೆ. ಅವಳ ಗೆಳತಿಯೊಬ್ಬಳು ಕನ್ನಡದಲ್ಲಿ ಬರೆದದ್ದನ್ನು ಯಂತ್ರದ ಬಾಯಿಗೆ ಕೊಟ್ಟು ಇಂಗ್ಲಿಷು ಮಾಡಿಸಿದಾಗ ಜೇನುಕುರುಬರು 'ಹನಿ ಶೆಫರ್ಡ್' ಆಗಿ ಹೊರಬಂದರಂತೆ. ಒಂದು ಕುರಿಯನ್ನೂ ಸಾಕದ ಜನ, ಜೇನು ಕಾಯುವ ಕುರಿಗಾಹಿಗಳು! ಜಗಲಿಯಲ್ಲಿ ಆ ದಿನ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಕ್ಕ ಮೇಲೆ ಕೆಲಸ. ಅಜ್ಜಿಯ ಮಾತಿಗೂ ಆಧಾರ ಕೊಡುವ ಕ್ರಮ ಇದೆ. ಯಾರು ಹೇಳಿದರು, ಅವರ ವಯಸ್ಸೆಷ್ಟು, ಎಲ್ಲಿ, ಯಾವ ದಿನ, ಯಾವ ಭಾಷೆಯಲ್ಲಿ, ಹೆಸರು ಹಾಕಲು ಅವರ ಒಪ್ಪಿಗೆ ಉಂಟೇ. ಇಷ್ಟನ್ನು ಬರೆದರೆ ಅದು ಸಂದರ್ಶನ, ಗ್ರಂಥದಷ್ಟೇ ನಿಲ್ಲುವ ಆಧಾರ. ರಿಕ್ಟರನಿಗೂ ಇಲ್ಲಿನ ಸುದ್ದಿ ಯಾರೋ ಅಜ್ಜ ಅಜ್ಜಿಯರ ಬಾಯಿಂದಲೇ ಬಂದಿರಬೇಕಲ್ಲ. ಶ್ರೀನಿವಾಸರೇ ಮುಂದೆ ತಮ್ಮ ಸಮಾಜವನ್ನು ತಾವೇ ಅಧ್ಯಯನ ಮಾಡುವುದು ತಪ್ಪಲ್ಲ ಎಂದು ವಾದಿಸಿ ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಗೆ ಯಾರೋ ಬೆಂಕಿ ಇಟ್ಟು, ಮೈಸೂರು ಸೀಮೆಯ ಹಳ್ಳಿಯ ಬಗ್ಗೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದಾಗ, ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ನೆನಪು ಪ್ರೊಫೆಸರರದಾದರೆ ಆಧಾರ, ಅಜ್ಜಿಯದಾದರೆ ಅಲ್ಲ ಎನ್ನಲಾದೀತೆ?

ಹಳೆಯ ಪುಸ್ತಕದ ಮಾತನ್ನು ಕಿತ್ತೇ ಹಾಕುತ್ತೇನೆ ಎಂದು ಹುಡುಗಿ ಹಟ ಹಿಡಿದಳು. ಬೇಡ ಎಂದೆ. ಉದ್ಧರಣ ಚಿಹ್ನೆಯೊಳಗೆ ಇಡು, ಪಕ್ಕದಲ್ಲಿ ಬರೆದವನ ಹೆಸರು, ವರ್ಷ ಹಾಕು, ಕೆಳಗೆ ಅಜ್ಜಿ ಹೇಳಿದ್ದನ್ನು ಇಡು. ಇಬ್ಬರೂ ಒಂದೇ ಪುಟದಲ್ಲಿ ಕೂರಲಿ. ಇದನ್ನು ಅವಳು ನನಗಿಂತ ಚೆನ್ನಾಗಿ ಮಾಡಿದಳು. ಇಂಗ್ಲಿಷಿನ 'ಬೀ' ಎಂಬ ಒಂದು ಶಬ್ದದ ಎದುರು ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಎಂದು ನಾಲ್ಕನ್ನೂ ಬಿಡಿಸಿ, ಯಾವುದು ಬಂಡೆಗೆ ಕಟ್ಟುತ್ತದೆ, ಯಾವುದು ಪೊಟರೆಯಲ್ಲಿ, ಯಾವುದಕ್ಕೆ ಕಚ್ಚಲು ಕೊಂಡಿಯೇ ಇಲ್ಲ ಎಂದು ಅಜ್ಜಿಯಿಂದ ಕೇಳಿ ಬರೆದಳು. ಅಲೆಯುವ ಜನ ಎಂದವನಿಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ.

ನಾನು ಎಷ್ಟು ತಿದ್ದಬೇಕು ಎಂಬುದು ಮಾತ್ರ ಪ್ರತಿ ಸಲವೂ ಹೊಸದಾಗಿ ಯೋಚಿಸುವ ವಿಷಯ. ನಾನು ಎಂ.ಎ. ಓದುವಾಗ ಒಬ್ಬ ಅಧ್ಯಾಪಕರು ನನ್ನ ಇಂಗ್ಲಿಷ್ ಪ್ರಬಂಧವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದ್ದರು. ಆಮೇಲೆ ಅವರೇ ಅದನ್ನು ಪೂರ್ತಿ ತಿರುಗಿಸಿ ಬರೆದುಕೊಟ್ಟರು. ಅಂಕವೇನೋ ಬಂತು, ಆದರೆ ಆ ಹಾಳೆ ನನ್ನದೆಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅದಕ್ಕೇ ನಾನು ವಾಕ್ಯದ ಕೆಳಗೆ ಗೆರೆ ಎಳೆದು ಪ್ರಶ್ನೆ ಬರೆಯುತ್ತೇನೆ, ವಾಕ್ಯ ಬರೆದುಕೊಡುವುದಿಲ್ಲ. ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಮೇಡಂ, ನೀವೇ ಬರೆದುಬಿಡಿ ಎನ್ನುತ್ತಾರೆ. ಕಾಫಿ ಕೊಟ್ಟು ಕೂರಿಸುತ್ತೇನೆ.

ಕೊಡಗಿನ ಮಕ್ಕಳು ಪದವಿಗಾಗಿ ನೋಡಿದ ವಿಶ್ವವಿದ್ಯಾನಿಲಯಗಳು ಒಂದೆರಡಲ್ಲ. ಕೊಡಗು ಬೇರೆ ರಾಜ್ಯವಾಗಿದ್ದಾಗ ಮದರಾಸು, 1956ರಲ್ಲಿ ಮೈಸೂರಿಗೆ ಸೇರಿದ ಮೇಲೆ ಮೈಸೂರು, 1980ರ ನಂತರ ಮಂಗಳೂರು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಮಂಗಳೂರಿನವರ ಸ್ನಾತಕೋತ್ತರ ಕೇಂದ್ರ ಬಂದಾಗ ಹಾಸ್ಟೆಲಿಗೆ ದುಡ್ಡಿಲ್ಲದ ಎಷ್ಟೋ ಹೆಣ್ಣುಮಕ್ಕಳಿಗೆ ಎಂ.ಎ. ಕೈಗೆಟುಕಿತು. 2023ರಲ್ಲಿ ಅದೇ ಕೊಡಗು ವಿಶ್ವವಿದ್ಯಾನಿಲಯವಾಗಿ ಆರಂಭವಾಯಿತು. ವಿಶ್ವವಿದ್ಯಾನಿಲಯದ ಹೆಸರು ಬದಲಾದರೂ ಬೆಳಗಿನ ಬಸ್ಸು ಹಿಡಿಯುವ ಹುಡುಗಿಯ ಚೀಲದಲ್ಲಿರುವ ಇಂಗ್ಲಿಷಿನ ಭಯ ಅಷ್ಟೇ ಭಾರ.

ನಮ್ಮ ಹುಡುಗಿಯ ಪ್ರಬಂಧ ಸಕಾಲಕ್ಕೆ ಸಲ್ಲಿಕೆಯಾಯಿತು. ಹೋಲಿಕೆಯ ಯಂತ್ರ ತಕರಾರು ಮಾಡಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಇಷ್ಟೊಂದು ಕನ್ನಡ ಶಬ್ದ ಯಾಕಮ್ಮಾ ಎಂದು ಕೇಳಿದರಂತೆ. ಅವಳು ಒಕ್ಕದ ಉದಾಹರಣೆ ಕೊಟ್ಟಳಂತೆ. ಅವರು ಮುಂದೆ ಕೇಳದೆ ಆನೆಯ ಬಗ್ಗೆ ಮಾತಿಗೆ ಶುರು ಮಾಡಿ, ಕೊನೆಗೆ ದುಬಾರೆಗೆ ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು ಎಂದು ವಿಚಾರಿಸಿದರಂತೆ.

ರಟ್ಟು ಹಾಕಿಸಿದ ಒಂದು ಪ್ರತಿಯನ್ನು ಅವಳು ಹಾಡಿಗೆ ಒಯ್ದಳು. ಅಪ್ಪನ ಮುಂದೆ ಕೂತು ಕಾವಾಡಿಯ ಪುಟವನ್ನು ಇಂಗ್ಲಿಷಿನಲ್ಲಿ ಓದಿ, ಸಾಲು ಸಾಲಾಗಿ ತಮ್ಮ ಮಾತಿಗೆ ತಿರುಗಿಸಿ ಹೇಳಿದಳು. ಆತ ಪೂರ್ತಿ ಕೇಳಿ, ಬೆಳಿಗ್ಗೆ ಆನೆ ಹುಡುಕುವ ಕಡೆ ಬಂದಾಗ ತಡೆದರಂತೆ. ಹೆಜ್ಜೆಯೊಂದನ್ನೇ ಬರೆದಿದ್ದೀಯಲ್ಲ, ಮಳೆ ಬಂದ ದಿನ ಹೆಜ್ಜೆ ಎಲ್ಲಿ ಉಳಿಯುತ್ತದೆ? ಮುರಿದ ಕೊಂಬೆ ನೋಡಬೇಕು, ಲದ್ದಿ ಮುಟ್ಟಿ ಬಿಸಿ ನೋಡಬೇಕು, ಸರಪಳಿ ಎಳೆದ ಗೆರೆ ನೋಡಬೇಕು. ಪುಸ್ತಕಕ್ಕೆ ರಟ್ಟು ಬಿದ್ದಾಗಿತ್ತು. ಅವಳು ಅದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಸ್ಥಳ ಹಾಕಿ ಬರೆದಿಟ್ಟಿದ್ದಾಳೆ. ಪಿಎಚ್.ಡಿ.ಗೆ ಸೀಟು ಸಿಕ್ಕಿದರೆ ಮೊದಲ ಅಧ್ಯಾಯ ಅಲ್ಲಿಂದಲೇ ಎಂದು ಹೇಳಿದಳು.